ಸಾಂಕ್ರಾಮಿಕದ ಕಾಲದಲ್ಲಿ ಮನಸ್ಸು ಹದ ತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ಎಲ್ಲಾದರೂ ಹೊಸ ಸೋಂಕಿನ ಸುದ್ದಿ ಬಂದರೆ ಸಾಕು, ಅವೇ ಪ್ರಶ್ನೆಗಳು ಮತ್ತೆ ಬರಲು ಶುರುವಾಗುತ್ತವೆ. ರಾತ್ರಿ ನಿದ್ದೆ ಬರ್ತಿಲ್ಲ, ಏನ್ಮಾಡ್ಲಿ? ಗಂಟಲು ಸ್ವಲ್ಪ ಕೆರೆದರೂ ಎದೆ ಢವಢವ ಅನ್ನುತ್ತೆ, ಇದು ಸೋಂಕಾ, ಭಯಾನಾ? ಅಪ್ಪ ದಿನವಿಡೀ ಟಿವಿ ಮುಂದೆ ಕೂತು ಸಾವಿನ ಲೆಕ್ಕ ನೋಡ್ತಾರೆ, ಹೇಗೆ ಬಿಡಿಸೋದು? ಕೋವಿಡ್ ಗಲಾಟೆ ಮುಗಿದು ವರ್ಷಗಳಾದರೂ ಜನ ಸೇರಿದ ಕಡೆ ಹೋಗಲು ಆಗ್ತಿಲ್ಲ, ನನಗೇನಾದ್ರೂ ಕಾಯಿಲೆಯಾ? ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಹಂತ ಹಂತವಾಗಿ ಬರೆದಿಡುತ್ತಿದ್ದೇನೆ.

ಭಯವನ್ನು ಓಡಿಸುವ ಉಪಾಯ ಇಲ್ಲಿ ಸಿಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ರೋಗ ಹರಡುತ್ತಿರುವಾಗ ಭಯ ಆಗಲೇಬೇಕು. ಅದಿದ್ದರಿಂದಲೇ ನೀವು ಕೈ ತೊಳೆದಿರಿ, ಮಾಸ್ಕ್ ಹಾಕಿಕೊಂಡಿರಿ. ಅದೇ ಭಯ ಬೆಳಗ್ಗೆಯಿಂದ ರಾತ್ರಿಯವರೆಗೂ ತಲೆಯಲ್ಲಿ ಕೂತುಬಿಟ್ಟಾಗ ತೊಂದರೆ. ಆಗ ಮನಸ್ಸಿಗೆ ಎಷ್ಟು ಬುದ್ಧಿ ಹೇಳಿದರೂ ಅದು ಕೇಳುವುದಿಲ್ಲ. ಆದರೆ ಏಳುವ ಹೊತ್ತು, ಫೋನು, ಉಸಿರು, ಹಾಸಿಗೆ ಇವೆಲ್ಲ ನಿಮ್ಮ ಕೈಯಲ್ಲಿವೆ. ಮೊದಲು ಇವನ್ನು ಸರಿಮಾಡಿ, ಮನಸ್ಸು ನಿಧಾನವಾಗಿ ಹಿಂದೆ ಬರುತ್ತದೆ. ಕೆಳಗಿನ ಹಂತಗಳು ಇರುವುದೂ ಅದೇ ಕ್ರಮದಲ್ಲಿ.

ನಿಮ್ಮೊಬ್ಬರಿಗೇ ಹೀಗಾಗುತ್ತಿದೆ ಅನ್ನಿಸಿದರೆ ಒಂದು ಲೆಕ್ಕ ಕೇಳಿ. ಕೋವಿಡ್‌ನ ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆ ಶೇ 25ರಷ್ಟು ಹೆಚ್ಚಾದವು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ಹೇಳಿತು. ಹೆಚ್ಚು ಪೆಟ್ಟು ಬಿದ್ದದ್ದು ಚಿಕ್ಕ ವಯಸ್ಸಿನವರಿಗೆ ಮತ್ತು ಹೆಂಗಸರಿಗೆ. ಇದನ್ನು ‘ನಾಲ್ವರಲ್ಲಿ ಒಬ್ಬರಿಗೆ ಮಾನಸಿಕ ಕಾಯಿಲೆ ಬಂತು’ ಅಂತ ಹಂಚಿದವರು ಬಹಳ ಮಂದಿ. ಹಾಗಲ್ಲ. ಮೊದಲು ನೂರು ಜನಕ್ಕೆ ಇದ್ದಲ್ಲಿ ಈಗ ನೂರಿಪ್ಪತ್ತೈದು ಜನಕ್ಕೆ ಆಯಿತು ಅಂತ ಅರ್ಥ. ಏರಿಕೆ ದೊಡ್ಡದೇ, ಆದರೂ ಹೆಚ್ಚಿನವರು ಕಾಯಿಲೆ ಬೀಳದೆ ದಾಟಿದರು.

ಏನೇನು ಬೇಕು

ಒಂದು ನೋಟ್‌ಬುಕ್, ಒಂದು ಪೆನ್ನು, ಫೋನ್ ಅಲ್ಲದ ಒಂದು ಅಲಾರಾಂ ಗಡಿಯಾರ. ಯಾವ ಹೊತ್ತಿನಲ್ಲಿ ಫೋನ್ ಮಾಡಿದರೂ ಎತ್ತುವ ಇಬ್ಬರ ಹೆಸರು. ನಿಮ್ಮ ದೇಶದ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ. ಈ ಸಂಖ್ಯೆಯನ್ನು ಈಗಲೇ ಹುಡುಕಿ ಫೋನಿನಲ್ಲಿ ಹಾಕಿಕೊಳ್ಳಿ, ಏಕೆಂದರೆ ಬೇಕಾದ ರಾತ್ರಿ ಹುಡುಕುವ ತ್ರಾಣ ಇರುವುದಿಲ್ಲ.

ಸಾಯಬೇಕು ಅನ್ನುವ ಯೋಚನೆ ನಿಮಗೆ ಬರುತ್ತಿದ್ದರೆ ಉಳಿದದ್ದನ್ನೆಲ್ಲ ಬಿಟ್ಟು ನೇರ 9ನೇ ಹಂತಕ್ಕೆ ಹೋಗಿ.

ಹಂತ 1: ಎಲ್ಲಿದ್ದೀರಿ ಅಂತ ನೋಡಿಕೊಳ್ಳಿ

ಮೂರು ಪದಗಳನ್ನು ಜನ ಕಲಸಿಬಿಡುತ್ತಾರೆ. ಒತ್ತಡ ಅಂದರೆ ಎದುರಿಗಿರುವ ಕಷ್ಟಕ್ಕೆ ಮೈಮನಸ್ಸು ಬಿಗಿಯಾಗುವುದು. ಕಷ್ಟ ಹೋದರೆ ಅದೂ ಹೋಗುತ್ತದೆ. ಆತಂಕ ಅಂದರೆ ಇನ್ನೂ ಆಗದ್ದರ ಬಗ್ಗೆ ನಿಲ್ಲದ ಚಿಂತೆ. ಖಿನ್ನತೆ ಅಂದರೆ ಬರೀ ಬೇಜಾರು ಅಲ್ಲ, ಇಷ್ಟವಾಗುತ್ತಿದ್ದ ಕೆಲಸವೂ ಬೇಡವಾಗುವುದು, ಅದು ವಾರಗಟ್ಟಲೆ ಹಾಗೇ ಉಳಿಯುವುದು.

ವೈದ್ಯರು ಮೊದಲ ಜರಡಿಯಾಗಿ ಬಳಸುವ ನಾಲ್ಕು ಪ್ರಶ್ನೆಗಳಿವೆ. ಕಳೆದ ಎರಡು ವಾರವನ್ನು ನೆನೆದು ಉತ್ತರ ಬರೆಯಿರಿ.

ಮೊದಲ ಜೋಡಿ: ಯಾವುದರಲ್ಲೂ ಆಸಕ್ತಿ ಇಲ್ಲ, ಖುಷಿ ಇಲ್ಲ ಅನ್ನಿಸಿತಾ? ಮನಸ್ಸು ಕುಗ್ಗಿದೆ, ಭರವಸೆಯೇ ಇಲ್ಲ ಅನ್ನಿಸಿತಾ?

ಎರಡನೇ ಜೋಡಿ: ಗಾಬರಿ, ಚಡಪಡಿಕೆ ಇತ್ತಾ? ಚಿಂತೆಯನ್ನು ನಿಲ್ಲಿಸಲು ಆಗಲೇ ಇಲ್ವಾ?

ಒಂದು ದಿನವೂ ಇಲ್ಲ ಅಂದರೆ 0, ಕೆಲವು ದಿನ ಅಂದರೆ 1, ಅರ್ಧಕ್ಕಿಂತ ಜಾಸ್ತಿ ದಿನ ಅಂದರೆ 2, ಹೆಚ್ಚುಕಡಿಮೆ ದಿನಾಲೂ ಅಂದರೆ 3. ಜೋಡಿಗಳನ್ನು ಬೇರೆ ಬೇರೆಯಾಗಿ ಕೂಡಿಸಿ. ಯಾವುದಾದರೂ ಒಂದು ಜೋಡಿಯಲ್ಲಿ 3 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರ ಹತ್ತಿರ ಮಾತಾಡುವುದು ಒಳ್ಳೆಯದು. ಅಷ್ಟು ಬಂದ ಮಾತ್ರಕ್ಕೆ ಕಾಯಿಲೆ ಇದೆ ಅಂತ ಅಲ್ಲ, ಪರೀಕ್ಷೆ ಮಾಡಿಸಿಕೊಳ್ಳಬೇಕು ಅಂತ ಅಷ್ಟೇ.

ಇಲ್ಲಿ ಎಡವುವುದು ಎಲ್ಲಿ ಅಂದರೆ ದಿನಾ ಲೆಕ್ಕ ಹಾಕುವುದರಲ್ಲಿ. ಎರಡು ವಾರಕ್ಕೊಮ್ಮೆ ಸಾಕು. ದಿನಾ ಮನಸ್ಸನ್ನು ಅಳೆಯುತ್ತಾ ಕೂತರೆ ಅದೇ ಇನ್ನೊಂದು ಚಿಂತೆಯಾಗುತ್ತದೆ.

ಹಂತ 2: ಏಳುವ ಹೊತ್ತನ್ನು ಕಟ್ಟಿಹಾಕಿ

ಕೆಲಸಕ್ಕೆ ಹೋಗುವುದು, ಮಕ್ಕಳನ್ನು ಶಾಲೆಗೆ ಬಿಡುವುದು, ಸಂಜೆ ಮನೆಗೆ ಬರುವುದು. ಲಾಕ್‌ಡೌನ್ ಇವನ್ನೆಲ್ಲ ಒಟ್ಟಿಗೆ ಕಿತ್ತುಕೊಂಡಿತು. ಇವೆಲ್ಲ ನಿಮ್ಮ ದೇಹದ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದವು ಅನ್ನುವುದು ಅವು ಹೋದ ಮೇಲೇ ಗೊತ್ತಾಯಿತು. ದಿನಗಳು ಒಂದಕ್ಕೊಂದು ಅಂಟಿಕೊಂಡವು, ಇವತ್ತು ಯಾವ ವಾರ ಅಂತಲೂ ಗೊತ್ತಾಗದ ಹಾಗೆ.

ಮಲಗುವ ಹೊತ್ತನ್ನು ಸರಿಮಾಡಲು ಹೋಗಬೇಡಿ. ನಿದ್ದೆ ನಿಮ್ಮ ಮಾತು ಕೇಳುವುದಿಲ್ಲ. ಏಳುವ ಹೊತ್ತನ್ನು ಮಾತ್ರ ಹಿಡಿದುಕೊಳ್ಳಿ. ರಾತ್ರಿ ಎಷ್ಟೇ ಹೊತ್ತಿಗೆ ನಿದ್ದೆ ಬಂದಿರಲಿ, ಭಾನುವಾರವಾಗಲಿ, ಅದೇ ಹೊತ್ತಿಗೆ ಎದ್ದುಬಿಡಿ. ಎದ್ದ ಮೇಲೆ ಬೇಗನೆ ಬಾಲ್ಕನಿಯೋ ಕಿಟಕಿಯೋ ತಾರಸಿಯೋ, ಬೆಳಕಿರುವಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ದೇಹದ ಗಡಿಯಾರವನ್ನು ಸರಿಮಾಡುವುದು ಮುಖ್ಯವಾಗಿ ಬೆಳಗಿನ ಬೆಳಕು. ಊಟದ ಹೊತ್ತೂ ಹೆಚ್ಚುಕಡಿಮೆ ಒಂದೇ ಇರಲಿ. ಮನೆಯೊಳಗೇ ಆದರೂ ಅರ್ಧ ಗಂಟೆ ಮೈ ಬೆಚ್ಚಗಾಗುವಷ್ಟು ನಡೆಯಿರಿ. ಸ್ನಾನ ಮಾಡಿ ಬಟ್ಟೆ ಬದಲಾಯಿಸಿ, ಎಲ್ಲಿಗೂ ಹೋಗುವುದಿಲ್ಲವಾದರೂ.

ಮನಸ್ಸು ತೀರಾ ಕುಗ್ಗಿರುವವರಿಗೆ ಇಷ್ಟೂ ಜಾಸ್ತಿಯಾಗಬಹುದು. ಅಂಥವರು ದಿನಕ್ಕೆ ಎರಡೇ ಕೆಲಸ ಬರೆದುಕೊಳ್ಳಿ: ಒಂದು ಮಾಡಲೇಬೇಕಾದದ್ದು, ಇನ್ನೊಂದು ಮೊದಲು ಇಷ್ಟವಾಗುತ್ತಿದ್ದದ್ದು. ಹುಮ್ಮಸ್ಸು ಬಂದ ಮೇಲೆ ಮಾಡ್ತೀನಿ ಅಂತ ಕಾಯಬೇಡಿ. ಖಿನ್ನತೆಯಲ್ಲಿ ಕೆಲಸ ಮೊದಲು, ಹುಮ್ಮಸ್ಸು ಆಮೇಲೆ. ಚಿಕಿತ್ಸೆಯಲ್ಲೂ ಇದನ್ನೇ ಮಾಡಿಸುತ್ತಾರೆ.

ಹಂತ 3: ಸುದ್ದಿಗೆ ಬಾಗಿಲು ಹಾಕಿ, ಕಿಟಕಿ ತೆರೆದಿಡಿ

ನನ್ನ ಪ್ರಕಾರ ಅತಿ ಬೇಗ ಫಲ ಕೊಡುವ ಹಂತ ಇದು, ಜನ ಅತಿ ಹೆಚ್ಚು ಹಟ ಮಾಡುವುದೂ ಇಲ್ಲೇ. ‘ಗೊತ್ತಿರಬೇಕಲ್ವಾ’ ಅನ್ನುತ್ತಾರೆ. ಗೊತ್ತಿರಬೇಕು. ಆದರೆ ಬೆಳಗ್ಗೆ ಹತ್ತು ಗಂಟೆಗೆ ಗೊತ್ತಾದದ್ದು ಹನ್ನೊಂದಕ್ಕೆ ಬದಲಾಗಿರುವುದಿಲ್ಲ.

ಹೀಗೆ ಮಾಡಿ. ದಿನಕ್ಕೆ ಎರಡು ಸಲ, ಒಂದೊಂದು ಸಲ ಹದಿನೈದು ನಿಮಿಷ. ಎರಡನೆಯದು ರಾತ್ರಿ ಊಟಕ್ಕೆ ಮೊದಲೇ ಮುಗಿಯಬೇಕು. ಮೂಲ ಎರಡೇ: ನಿಮ್ಮ ಆರೋಗ್ಯ ಇಲಾಖೆಯ ಪ್ರಕಟಣೆ ಮತ್ತು ನೀವು ನಂಬುವ ಒಂದು ಪತ್ರಿಕೆ. ಸಾಧ್ಯವಾದಷ್ಟೂ ಓದಿ, ನೋಡುವುದು ಬೇಡ. ಟಿವಿಯಲ್ಲಿ ಅದೇ ಆಂಬುಲೆನ್ಸ್, ಅದೇ ಅಳು ದಿನಕ್ಕೆ ಇಪ್ಪತ್ತು ಸಲ ತಿರುಗುತ್ತದೆ, ನಿಮ್ಮ ಮೈ ಮಾತ್ರ ಪ್ರತಿ ಸಲವೂ ಹೊಸದಾಗಿ ಬೆಚ್ಚುತ್ತದೆ. ಸುದ್ದಿ ಆ್ಯಪ್‌ಗಳ ನೋಟಿಫಿಕೇಶನ್ ಇವತ್ತೇ ಆಫ್ ಮಾಡಿ.

ಅಂಕಿಅಂಶ ಓದುವುದರಲ್ಲೂ ಒಂದು ಹದ ಇದೆ. ‘ಒಟ್ಟು ಸೋಂಕಿತರು’ ಅನ್ನುವ ಸಂಖ್ಯೆ ಯಾವತ್ತೂ ಇಳಿಯುವುದಿಲ್ಲ, ರೋಗ ಕಡಿಮೆಯಾಗುತ್ತಿದ್ದರೂ ಅದು ಏರುತ್ತಲೇ ಇರುತ್ತದೆ. ಅದನ್ನು ನೋಡಿ ಹೆದರುವುದು ಸುಮ್ನೆ ದಂಡ. ವಾರದ ಸರಾಸರಿ ನೋಡಿ, ಅಂದರೆ ಏಳು ದಿನದ ಸಂಖ್ಯೆ ಕೂಡಿಸಿ ಏಳರಿಂದ ಭಾಗಿಸಿದ್ದು. ರಜೆಯ ದಿನ ಪರೀಕ್ಷೆಗಳೂ ವರದಿಗಳೂ ಕಡಿಮೆ, ಹಾಗಾಗಿ ವಾರದ ಕೊನೆಯಲ್ಲಿ ಸಂಖ್ಯೆ ಬಿದ್ದು ಆಮೇಲೆ ದಿಢೀರನೆ ಏರಿದ ಹಾಗೆ ಕಾಣುತ್ತದೆ. ಒಂದು ದಿನದ ಏರಿಕೆಗೆ ಬೆಚ್ಚುವ ಮೊದಲು ಇದನ್ನು ನೆನಪಿಡಿ. ಸಾವಿನ ಸಂಖ್ಯೆಯಂತೂ ಸೋಂಕಿನ ಸಂಖ್ಯೆಗಿಂತ ವಾರಗಳಷ್ಟು ಹಿಂದೆ ಇರುತ್ತದೆ. ಸೋಂಕು ಇಳಿಯುತ್ತಿರುವಾಗಲೇ ಅದು ಏರಬಹುದು.

ನಿಜ, ಸುಳ್ಳು, ಅರೆನಿಜ ಎಲ್ಲ ಕಲಸಿ ಪ್ರವಾಹದ ಹಾಗೆ ಬರುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2020ರ ಫೆಬ್ರುವರಿಯಲ್ಲೇ ‘ಇನ್ಫೋಡೆಮಿಕ್’ ಅಂದಿತು. ಮಾಹಿತಿಯ ಸಾಂಕ್ರಾಮಿಕ ಅಂದುಕೊಳ್ಳಿ. ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಅದು ಬಂದಾಗ ಎಲ್ಲರೆದುರು ‘ಇದು ಸುಳ್ಳು’ ಅಂತ ಹಾಕಿದರೆ ಜಗಳ ಗ್ಯಾರಂಟಿ. ಕಳಿಸಿದವರಿಗೆ ಬೇರೆಯಾಗಿ ಫೋನ್ ಮಾಡಿ, ‘ಹೆದರಿಕೆ ಆಯ್ತಾ?’ ಅಂತ ಕೇಳಿ. ಹೆಚ್ಚಿನ ಫಾರ್ವರ್ಡ್‌ಗಳ ಹಿಂದೆ ಇರುವುದು ಹೆದರಿಕೆ ಅಥವಾ ಕಾಳಜಿ, ಕೆಟ್ಟ ಉದ್ದೇಶ ಇರುವುದು ಕಡಿಮೆ.

ಟಿವಿ ಬಿಡದ ಹಿರಿಯರ ವಿಷಯ. ರಿಮೋಟ್ ಕಿತ್ತುಕೊಂಡರೆ ಮಾನ ಹೋದ ಹಾಗೆ ಆಗುತ್ತದೆ ಅವರಿಗೆ. ‘ಅಪ್ಪಾ, ದಿನಾ ಸಂಜೆ ಆರಕ್ಕೆ ಒಂದ್ಸಲ ನೋಡಿ ನನಗೆ ಮುಖ್ಯವಾದದ್ದು ಮೂರು ಹೇಳಿ’ ಅಂತ ಕೇಳಿ. ನೋಡುವುದು ಅವರ ಕೆಲಸವಾದಾಗ ಅದಕ್ಕೊಂದು ಕೊನೆಯೂ ಬರುತ್ತದೆ.

ಎಚ್ಚರಿಕೆ ಒಂದೇ: ಸುದ್ದಿಯನ್ನು ಪೂರ್ತಿ ಬಿಡಬೇಡಿ. ಬಿಟ್ಟರೆ ಆ ಜಾಗಕ್ಕೆ ಗಾಳಿಸುದ್ದಿ ಬಂದು ಕೂರುತ್ತದೆ. ನಿಯಮ ಬದಲಾದದ್ದೂ ಲಸಿಕೆ ಬಂದದ್ದೂ ಗೊತ್ತಾಗುವುದಿಲ್ಲ.

ಹಂತ 4: ಚಿಂತೆಗೆ ಹೊತ್ತು ಕೊಡಿ

‘ಅದರ ಬಗ್ಗೆ ಯೋಚನೆ ಮಾಡಬೇಡ’ ಅನ್ನುವ ಸಲಹೆಯಷ್ಟು ನಿಷ್ಪ್ರಯೋಜಕ ಸಲಹೆ ಇನ್ನೊಂದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಅಂತ ಹೇಳಿಸಿಕೊಂಡವರಿಗೆ ಕರಡಿ ಮತ್ತೆ ಮತ್ತೆ ನೆನಪಾಗುತ್ತಿತ್ತು. ತಳ್ಳಿದ ಯೋಚನೆ ಹಿಂತಿರುಗಿ ಬರುತ್ತದೆ. ಹಾಗಾಗಿ ತಳ್ಳಬೇಡಿ, ಮುಂದೂಡಿ.

ಸಂಜೆ ಇಪ್ಪತ್ತು ನಿಮಿಷವನ್ನು ಚಿಂತೆಗೆ ಅಂತಲೇ ಇಡಿ. ದಿನಾ ಅದೇ ಹೊತ್ತು, ಅದೇ ಕುರ್ಚಿ. ಮಲಗುವ ಕೋಣೆ ಬೇಡ, ಮಲಗುವ ಹೊತ್ತಿಗೆ ಹತ್ತಿರವೂ ಬೇಡ. ಹಗಲು ಚಿಂತೆ ಬಂದಾಗೆಲ್ಲ ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆದು ‘ಸಂಜೆ ನೋಡೋಣ’ ಅಂದು ಮುಂದಿನ ಕೆಲಸಕ್ಕೆ ಹೋಗಿ. ಸಂಜೆ ಪಟ್ಟಿ ತೆಗೆದು ಒಂದೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ಇದಕ್ಕೆ ಈ ವಾರ ನಾನು ಏನಾದರೂ ಮಾಡಬಹುದಾ? ಮಾಡಬಹುದಾದರೆ ಏನು, ಯಾವ ದಿನ ಅಂತ ಪಕ್ಕದಲ್ಲೇ ಬರೆಯಿರಿ. ‘ಅಮ್ಮನ ಮಾತ್ರೆ ಮುಗಿದುಹೋದರೆ’ ಅನ್ನುವುದಕ್ಕೆ ಉತ್ತರ ಇದೆ: ನಾಳೆ ತಿಂಗಳಿಗಾಗುವಷ್ಟು ತರಿಸುವುದು. ‘ಇದು ಯಾವಾಗ ಮುಗಿಯುತ್ತೋ’ ಅನ್ನುವುದಕ್ಕೆ ಯಾರ ಹತ್ತಿರವೂ ಉತ್ತರ ಇಲ್ಲ. ಅದನ್ನು ಓದಿ, ಒಂದು ಗೆರೆ ಹಾಕಿ, ಹಾಗೇ ಬಿಡಿ. ಇಪ್ಪತ್ತು ನಿಮಿಷ ಆದ ಕೂಡಲೇ ಎದ್ದುಬಿಡಿ, ಪಟ್ಟಿ ಮುಗಿಯದಿದ್ದರೂ. ಮೊದಲ ವಾರ ಇದು ನಾಟಕದ ಹಾಗೆ ಅನ್ನಿಸುತ್ತದೆ. ಅನ್ನಿಸಲಿ, ಮಾಡಿ.

ಇದೇ ಜಾಗದಲ್ಲಿ ಇನ್ನೊಂದು ಮಾತು. ಕೆಲವರಿಗೆ ಮುನ್ನೆಚ್ಚರಿಕೆಯೇ ಗೀಳಾಗುತ್ತದೆ. ಗೀಳು ಅಂದರೆ ಬೇಡ ಅಂದರೂ ಬರುವ ಯೋಚನೆ ಮತ್ತು ಅದನ್ನು ಸಮಾಧಾನ ಮಾಡಲು ಪದೇ ಪದೇ ಮಾಡುವ ಕೆಲಸ. ಕೈ ಚರ್ಮ ಸುಲಿದರೂ ತೊಳೆಯುವುದು, ಗಂಟೆಗೊಮ್ಮೆ ಥರ್ಮಾಮೀಟರ್ ಇಡುವುದು, ಉಸಿರು ಕಟ್ಟಿ ನೋಡುವುದು. ನೋಡಿಕೊಂಡ ಕೂಡಲೇ ಸಮಾಧಾನ ಆಗುತ್ತದೆ ನಿಜ, ಆದರೆ ಅದು ಕೆಲವೇ ನಿಮಿಷಕ್ಕೆ, ಆಮೇಲೆ ಅನುಮಾನ ಇನ್ನೂ ಜೋರಾಗಿ ಬರುತ್ತದೆ. ಅಂಥವರಿಗೆ ನಿಯಮ ಇಷ್ಟೇ: ಆರೋಗ್ಯ ಇಲಾಖೆ ಹೇಳಿದಷ್ಟು ಮಾಡಿ, ಅದೇ ಕೊನೆಯ ಮಿತಿ. ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ ಅಂದರೆ 20 ಸೆಕೆಂಡ್, ಎರಡನೇ ಸುತ್ತು ಇಲ್ಲ. ಜ್ವರ ನೋಡುವುದು ಲಕ್ಷಣ ಇದ್ದಾಗ ಮಾತ್ರ, ವೈದ್ಯರು ಹೇಳಿದಷ್ಟು ಸಲ.

ಹಂತ 5: ಎದೆ ಬಿಗಿದಾಗ

ಸೋಂಕಾ, ಭಯಾನಾ ಅನ್ನುವ ಪ್ರಶ್ನೆ. ಉಸಿರಿನ ಕಾಯಿಲೆ ಹರಡುವಾಗ ಇದು ತಲೆತಿನ್ನುತ್ತದೆ, ಯಾಕೆಂದರೆ ಎರಡರಲ್ಲೂ ಉಸಿರು ಕಟ್ಟಿದ ಹಾಗೆ ಆಗುತ್ತದೆ.

ಪ್ಯಾನಿಕ್ ಅಟ್ಯಾಕ್ ಅಂದರೆ ದಿಢೀರನೆ ಬರುವ ಗಾಬರಿಯ ದಾಳಿ. ಅದು ಕೆಲವೇ ನಿಮಿಷಗಳಲ್ಲಿ ತುತ್ತತುದಿಗೆ ಹೋಗಿ ಆಮೇಲೆ ಇಳಿಯುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಮೈ ಬೆವರುತ್ತದೆ, ಬೆರಳ ತುದಿ ಮತ್ತು ತುಟಿಯ ಸುತ್ತ ಜುಮ್ಮೆನ್ನುತ್ತದೆ. ಈ ಜುಮ್ಮೆನ್ನುವುದಕ್ಕೆ ಕಾರಣ ಉಸಿರು ಕಡಿಮೆಯಾಗಿರುವುದಲ್ಲ, ಜಾಸ್ತಿಯಾಗಿರುವುದು. ಬೇಗ ಬೇಗ ಉಸಿರಾಡಿ ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಇಳಿದಿರುತ್ತದೆ. ಆಕ್ಸಿಮೀಟರ್, ಅಂದರೆ ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಸಾಧನ, ಸಾಮಾನ್ಯ ಸಂಖ್ಯೆಯನ್ನೇ ತೋರಿಸುತ್ತದೆ.

ಆಗ ಹೀಗೆ ಮಾಡಿ. ಕೂತುಕೊಳ್ಳಿ, ಎರಡೂ ಪಾದ ನೆಲಕ್ಕೆ ಊರಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಮೆಲ್ಲಗೆ ಉಸಿರು ತೆಗೆದುಕೊಳ್ಳಿ, ಆರು ಎಣಿಸುವಷ್ಟು ನಿಧಾನ ಬಿಡಿ. ಹೀಗೆ ಐದು ನಿಮಿಷ. ನಿಮಿಷಕ್ಕೆ ಆರು ಉಸಿರು ಆಗುತ್ತದೆ. ಬಿಡುವ ಉಸಿರು ಉದ್ದವಾದಾಗ ಹೃದಯದ ಬಡಿತ ಇಳಿಯುತ್ತದೆ, ಅದಕ್ಕೇ ಈ ಲೆಕ್ಕ. ಆಮೇಲೂ ತಲೆ ಓಡುತ್ತಿದ್ದರೆ ಕಾಣುವ ಐದು ವಸ್ತು, ಮುಟ್ಟಬಹುದಾದ ನಾಲ್ಕು, ಕೇಳುವ ಮೂರು ಸದ್ದು, ಎರಡು ವಾಸನೆ, ಒಂದು ರುಚಿ ಅಂತ ಹೆಸರಿಸುತ್ತಾ ಹೋಗಿ.

ತಪ್ಪು ಮಾಡುವುದು ಎರಡು ಕಡೆ. ‘ಜೋರಾಗಿ ಉಸಿರೆಳಿ’ ಅಂತ ಪಕ್ಕದವರು ಹೇಳುತ್ತಾರೆ, ಹಾಗೆ ಮಾಡಿದರೆ ತಲೆಸುತ್ತು ಹೆಚ್ಚಾಗುತ್ತದೆ. ಇನ್ನೊಂದು, ಕಾಗದದ ಚೀಲದಲ್ಲಿ ಉಸಿರಾಡುವ ಹಳೇ ಉಪಾಯ. ನಿಜವಾಗಿ ಶ್ವಾಸಕೋಶದ ಅಥವಾ ಹೃದಯದ ತೊಂದರೆ ಇದ್ದರೆ ಅದು ಅಪಾಯ. ಮಾಡಲೇಬೇಡಿ.

ಭಯ ಅಂದುಕೊಂಡು ಕೂರಬಾರದ ಲಕ್ಷಣಗಳೂ ಇವೆ. ಎದೆನೋವು ನಿಲ್ಲದಿದ್ದರೆ, ನಾಲ್ಕು ಹೆಜ್ಜೆ ಹಾಕಿದರೂ ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ, ಮಾತು ತೊದಲಿದರೆ, ಗೊಂದಲವಾದರೆ ಕೂಡಲೇ ಆಸ್ಪತ್ರೆ. ಸೋಂಕು ತಗುಲಿದವರಲ್ಲಿ ಆಮ್ಲಜನಕ 94ಕ್ಕಿಂತ ಕೆಳಗೆ ತೋರಿಸಿದರೆ ವೈದ್ಯರಿಗೆ ತಕ್ಷಣ ಫೋನ್ ಮಾಡಿ. ಮೊದಲೇ ಶ್ವಾಸಕೋಶದ ಕಾಯಿಲೆ ಇರುವವರು ತಮ್ಮ ವೈದ್ಯರು ಹೇಳಿದ ಸಂಖ್ಯೆಯನ್ನು ಪಾಲಿಸಿ. ಕೋವಿಡ್‌ನಲ್ಲಿ ಕೆಲವರಿಗೆ ಏದುಸಿರೇ ಇಲ್ಲದೆ ಆಮ್ಲಜನಕ ಇಳಿದದ್ದೂ ಇದೆ. ಅನುಮಾನ ಇದ್ದರೆ ಮೊದಲು ದೇಹವನ್ನು ಪರೀಕ್ಷೆ ಮಾಡಿಸಿ, ಮನಸ್ಸಿನ ಮಾತು ಆಮೇಲೆ.

ಹಂತ 6: ನಿದ್ದೆ

ಇದನ್ನು ಚಿಕ್ಕದಾಗಿ ಮುಗಿಸುತ್ತೇನೆ, ಅರ್ಧ ಕೆಲಸ 2ನೇ ಹಂತದಲ್ಲೇ ಆಗಿದೆ. ಹಾಸಿಗೆ ಮಲಗುವುದಕ್ಕೆ ಮಾತ್ರ. ಮನೆಯಿಂದ ಕೆಲಸ ಮಾಡುವವರು ಜಾಗ ಎಷ್ಟೇ ಕಡಿಮೆ ಇರಲಿ, ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಡಬೇಡಿ. ಸುಮಾರು ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಬೇಜಾರಿನ ಕೆಲಸ ಏನಾದರೂ ಮಾಡಿ, ಕಣ್ಣು ಎಳೆದಾಗ ವಾಪಸ್ ಬನ್ನಿ. ಗಡಿಯಾರ ನೋಡಿ ಲೆಕ್ಕ ಹಾಕಬೇಡಿ, ಅಂದಾಜು ಸಾಕು. ಕಾಫಿ, ಟೀ ಮಧ್ಯಾಹ್ನದ ಮೇಲೆ ನಿಲ್ಲಿಸಿ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಐದಾರು ಗಂಟೆಯಾದರೂ ಮೈಯಲ್ಲೇ ಇರುತ್ತದೆ. ಹಗಲು ನಿದ್ದೆ ಅರ್ಧ ಗಂಟೆಗಿಂತ ಜಾಸ್ತಿ ಬೇಡ.

ಮದ್ಯದಿಂದ ನಿದ್ದೆ ಬೇಗ ಹತ್ತಬಹುದು, ಆದರೆ ರಾತ್ರಿಯ ಎರಡನೇ ಅರ್ಧವನ್ನು ಅದು ಕೆಡಿಸುತ್ತದೆ. ಲಾಕ್‌ಡೌನಿನಲ್ಲಿ ನಿದ್ದೆಗೆ ಅಂತ ಶುರು ಮಾಡಿದವರಿಗೆ ಅದು ಅಭ್ಯಾಸವಾಗಿಬಿಡುವ ಅಪಾಯವೂ ಉಂಟು. ಇನ್ನೊಬ್ಬರಿಗೆ ಬರೆದುಕೊಟ್ಟ ನಿದ್ದೆ ಮಾತ್ರೆಯನ್ನಂತೂ ಮುಟ್ಟಬೇಡಿ.

ಹಂತ 7: ಒಂಟಿಯಾಗಿರಬೇಕಾಗಿ ಬಂದಾಗ, ಎಲ್ಲರೂ ಒಟ್ಟಿಗೆ ಇರಬೇಕಾಗಿ ಬಂದಾಗ

ಐಸೊಲೇಷನ್ ಅಂದರೆ ಸೋಂಕು ತಗುಲಿದವರನ್ನು ಬೇರೆ ಇಡುವುದು. ಕ್ವಾರಂಟೈನ್ ಅಂದರೆ ತಗುಲಿರಬಹುದು ಎನ್ನುವ ಅನುಮಾನ ಇರುವವರು ಬೇರೆ ಇರುವುದು. ಸಾರ್ಸ್, ಎಬೋಲಾದಂಥ ಹಿಂದಿನ ರೋಗಗಳ ಕಾಲದ ಕ್ವಾರಂಟೈನ್ ಅಧ್ಯಯನಗಳನ್ನು ಒಟ್ಟು ಮಾಡಿ 2020ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ವಿಮರ್ಶೆ ಬಂತು. ಮನಸ್ಸಿಗೆ ಹೆಚ್ಚು ಕಷ್ಟ ಕೊಟ್ಟದ್ದು ಯಾವುದು ಅಂದರೆ ದಿನಗಳು ಉದ್ದವಾಗುವುದು, ಸೋಂಕಿನ ಭಯ, ಬೇಸರ, ಸಾಮಾನು ಸಾಲದಿರುವುದು, ಸರಿಯಾದ ಮಾಹಿತಿ ಇಲ್ಲದಿರುವುದು, ದುಡ್ಡಿನ ನಷ್ಟ, ಜನ ದೂರ ಮಾಡುವುದು. ಇದರಲ್ಲಿ ಅರ್ಧದಷ್ಟಕ್ಕೆ ಮೊದಲೇ ತಯಾರಿ ಮಾಡಿಕೊಳ್ಳಬಹುದು. ಯಾವ ದಿನ ಮುಗಿಯುತ್ತದೆ ಅಂತ ಅಧಿಕಾರಿಯಿಂದ ಅಥವಾ ವೈದ್ಯರಿಂದ ಸ್ಪಷ್ಟವಾಗಿ ಕೇಳಿ ಗೋಡೆಗೆ ಬರೆದು ಅಂಟಿಸಿ. ಎರಡು ವಾರಕ್ಕಾಗುವ ಔಷಧಿ, ಚಾರ್ಜರ್, ಸೋಪು, ಓದಲು ಏನಾದರೂ ಒಂದು ಚೀಲದಲ್ಲಿ ಸಿದ್ಧ ಇರಲಿ. ದಿನಾ ಒಂದೇ ಹೊತ್ತಿಗೆ ಫೋನ್ ಮಾಡಲು ಒಬ್ಬರನ್ನು ಗೊತ್ತು ಮಾಡಿ, ಆ ಫೋನಿನಲ್ಲಿ ರೋಗದ ಮಾತು ಮೊದಲ ಐದು ನಿಮಿಷ ಮಾತ್ರ.

ಒಟ್ಟಿಗೆ ಇರುವವರ ಕಷ್ಟ ಬೇರೆ ಥರ. ಮನೆ ಸಣ್ಣದಾಗಿದ್ದರೆ ಜಾಗ ಹಂಚಲು ಆಗುವುದಿಲ್ಲ, ಹೊತ್ತನ್ನು ಹಂಚಬಹುದು. ದಿನಕ್ಕೆ ಒಂದು ಗಂಟೆ ಒಬ್ಬೊಬ್ಬರನ್ನೂ ಯಾರೂ ಮಾತಾಡಿಸದಿರುವುದು ಅಂತ ಒಪ್ಪಂದ ಮಾಡಿಕೊಳ್ಳಿ. ಈ ಗಂಟೆ ಅಡುಗೆ, ಪಾತ್ರೆ, ರೋಗಿಯ ಆರೈಕೆ ಎಲ್ಲ ಹೊತ್ತವರಿಗೆ ಮೊದಲು ಸಿಗಬೇಕು, ಸಾಮಾನ್ಯವಾಗಿ ಅವರಿಗೇ ಸಿಗುವುದಿಲ್ಲ.

ಮಕ್ಕಳು ಕೇಳಿದ್ದಕ್ಕೆ ನಿಜ ಹೇಳಿ, ಕೇಳಿದಷ್ಟೇ ಹೇಳಿ. ಸಣ್ಣವರು ಮತ್ತೆ ಹಾಸಿಗೆ ಒದ್ದೆ ಮಾಡಬಹುದು, ಸೆರಗು ಬಿಡದೆ ಅಂಟಿಕೊಳ್ಳಬಹುದು, ಆಟದಲ್ಲಿ ಗೊಂಬೆಗೆ ಸೋಂಕು ಬಂದು ಸಾಯಬಹುದು. ಹೆದರಿಕೆಯನ್ನು ಅವರು ಅರಗಿಸಿಕೊಳ್ಳುವ ದಾರಿ ಇದು. ಬೈಯಬೇಡಿ.

ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಅದನ್ನು ‘ಒತ್ತಡಕ್ಕೆ ಹಾಗೆ ಮಾಡ್ತಾರೆ’ ಅಂತ ತೇಲಿಸಬೇಡಿ. ಲಾಕ್‌ಡೌನ್ ಇದ್ದರೂ ಪ್ರಾಣ ಉಳಿಸಿಕೊಳ್ಳಲು ಮನೆ ಬಿಟ್ಟು ಹೊರಗೆ ಬನ್ನಿ. ಒಬ್ಬ ನಂಬಿಕಸ್ಥರಿಗೆ ಒಂದು ಗುಟ್ಟಿನ ಪದ ಹೇಳಿಡಿ. ಆ ಪದದ ಮೆಸೇಜ್ ಬಂದರೆ ಪೊಲೀಸರಿಗೆ ಫೋನ್ ಹೋಗಬೇಕು.

ಹಂತ 8: ಸಾವು ಆಗಿದ್ದರೆ

ಸಾಂಕ್ರಾಮಿಕದ ಸಾವು ಬೇರೆ ಸಾವಿನ ಹಾಗಲ್ಲ. ಆಸ್ಪತ್ರೆಯಲ್ಲಿ ಕೈ ಹಿಡಿಯಲು ಬಿಡಲಿಲ್ಲ, ಮುಖ ನೋಡಲು ಆಗಲಿಲ್ಲ, ನೆಂಟರು ಬರಲಿಲ್ಲ. ಬಹಳ ಜನರ ಎದೆಯಲ್ಲಿ ಇನ್ನೂ ಕೂತಿರುವುದು ಇದೇ. ಆಗದೆ ಹೋದದ್ದನ್ನು ಆಮೇಲಾದರೂ ಮಾಡಬಹುದು, ತಡವಾಯಿತು ಅನ್ನುವುದಿಲ್ಲ. ವರ್ಷವಾದ ಮೇಲೂ ಜನರನ್ನು ಸೇರಿಸಿ, ಅವರ ಬಗ್ಗೆ ಒಬ್ಬೊಬ್ಬರೂ ಒಂದೊಂದು ಮಾತು ಹೇಳಲಿ. ಹೇಳದೇ ಉಳಿದದ್ದನ್ನು ಪತ್ರವಾಗಿ ಬರೆಯಿರಿ.

‘ನನ್ನಿಂದಲೇ ಅವರಿಗೆ ಬಂತು’ ಅನ್ನುವ ಕೊರಗು ಇದ್ದರೆ ಒಬ್ಬ ವೈದ್ಯರ ಹತ್ತಿರ ಬಾಯಿಬಿಟ್ಟು ಹೇಳಿ. ಸೋಂಕು ಯಾರಿಂದ ಯಾರಿಗೆ ಹೋಯಿತು ಅಂತ ಹೆಚ್ಚಿನ ಸಲ ಹೇಳಲಿಕ್ಕೇ ಆಗುವುದಿಲ್ಲ, ಮತ್ತು ಯಾರೂ ಬೇಕಂತ ಅಂಟಿಸಿದ್ದಲ್ಲ.

ದುಃಖದಲ್ಲಿ ಇರುವವರನ್ನು ಮಾತಾಡಿಸುವವರಿಗೆ: ‘ವಯಸ್ಸೆಷ್ಟಾಗಿತ್ತು?’, ‘ಶುಗರ್ ಏನಾದ್ರೂ ಇತ್ತಾ?’, ‘ಲಸಿಕೆ ಹಾಕಿಸಿದ್ರಾ?’ ಅಂತ ದಯವಿಟ್ಟು ಕೇಳಬೇಡಿ. ಆ ಪ್ರಶ್ನೆ ನಿಮ್ಮ ಸಮಾಧಾನಕ್ಕೆ, ನನಗೆ ಹಾಗಾಗಲ್ಲ ಅಂದುಕೊಳ್ಳಲಿಕ್ಕೆ. ಕೇಳಿಸಿಕೊಂಡವರಿಗೆ ಅದು ಸತ್ತವರ ಮೇಲೆ ಹೊರಿಸಿದ ತಪ್ಪಿನ ಹಾಗೆ ಕೇಳುತ್ತದೆ. ಮಾನಸಿಕ ಪ್ರಥಮ ಚಿಕಿತ್ಸೆ ಅನ್ನುವುದರಲ್ಲಿ ಕಲಿಸುವುದು ಮೂರೇ ಕೆಲಸ: ಅವರಿಗೆ ಈಗ ಏನು ಬೇಕಾಗಿದೆ ಅಂತ ನೋಡುವುದು, ಹೇಳಿದ್ದನ್ನು ಕೇಳುವುದು, ಸಹಾಯ ಸಿಗುವ ಕಡೆಗೆ ಸೇರಿಸುವುದು. ಉಪದೇಶ ಆ ಪಟ್ಟಿಯಲ್ಲೇ ಇಲ್ಲ.

ಆರು ತಿಂಗಳು ಕಳೆದ ಮೇಲೂ ದಿನವಿಡೀ ಅದೇ ಹಂಬಲ, ಕೆಲಸಕ್ಕೆ ಹೋಗಲು ಆಗದಷ್ಟು ದುಃಖ ಇದ್ದರೆ ಅದಕ್ಕೆ ಚಿಕಿತ್ಸೆ ಇದೆ.

ಹಂತ 9: ಹೊರಗಿನ ಸಹಾಯ ಯಾವಾಗ, ಯಾರಿಂದ

ಎರಡು ವಾರವಾದರೂ ಏನೂ ಸುಧಾರಿಸದಿದ್ದರೆ, ಊಟ ನಿದ್ದೆ ಕೆಟ್ಟು ಕೆಲಸ ಮಾಡಲು ಆಗದಿದ್ದರೆ, ಕುಡಿತ ಹೆಚ್ಚಾಗಿದ್ದರೆ, ಇಲ್ಲದ ದನಿ ಕೇಳಿಸುತ್ತಿದ್ದರೆ ಕಾಯಬೇಡಿ. ಮನೋವೈದ್ಯರು ವೈದ್ಯಕೀಯ ಓದಿದವರು, ಔಷಧಿ ಬರೆದುಕೊಡಬಲ್ಲರು. ಮನಶ್ಶಾಸ್ತ್ರಜ್ಞರು ಮಾತಿನ ಚಿಕಿತ್ಸೆ ಕೊಡುತ್ತಾರೆ. ಆಪ್ತ ಸಮಾಲೋಚಕರು, ಅಂದರೆ ಕೌನ್ಸೆಲರ್‌ಗಳು, ಕಷ್ಟ ಕೇಳಿ ದಾರಿ ಹುಡುಕಲು ಜೊತೆಗಿರುತ್ತಾರೆ. ಯಾರ ಹತ್ತಿರ ಹೋಗುವುದು ಗೊತ್ತಾಗದಿದ್ದರೆ ನಿಮ್ಮ ಮಾಮೂಲಿ ವೈದ್ಯರಿಂದಲೇ ಶುರು ಮಾಡಿ. ಫೋನ್, ವಿಡಿಯೊ ಮೂಲಕವೂ ಮಾತಾಡಬಹುದು. ಮನೆಯಲ್ಲಿ ಗುಟ್ಟಾಗಿ ಮಾತಾಡಲು ಜಾಗ ಇಲ್ಲದಿದ್ದರೆ ಅದನ್ನೇ ಮೊದಲು ಹೇಳಿ, ಹೌದು-ಇಲ್ಲ ಅನ್ನುವ ಉತ್ತರ ಸಾಕಾಗುವ ಹಾಗೆ ಅವರು ಪ್ರಶ್ನೆ ಕೇಳಬಹುದು.

ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಕೆಲವು ವಾರ ಬೇಕು. ನಾಲ್ಕು ದಿನಕ್ಕೆ ‘ಪ್ರಯೋಜನ ಇಲ್ಲ’ ಅಂತ ಬಿಡಬೇಡಿ, ಚೆನ್ನಾಗಾದ ಮೇಲೂ ಕೇಳದೆ ಒಮ್ಮೆಲೇ ನಿಲ್ಲಿಸಬೇಡಿ. ಮೊದಲಿಂದ ಔಷಧಿಯಲ್ಲಿರುವವರು ಒಂದು ತಿಂಗಳಿನದ್ದು ಮನೆಯಲ್ಲಿಟ್ಟುಕೊಳ್ಳಿ. ತೀವ್ರ ಮಾನಸಿಕ ಕಾಯಿಲೆಗಳಿಗೆ ಕೊಡುವ ಲಿಥಿಯಂ, ಕ್ಲೋಜಪಿನ್ ಮಾತ್ರೆ ತೆಗೆದುಕೊಳ್ಳುವವರ ರಕ್ತಪರೀಕ್ಷೆ ಲಾಕ್‌ಡೌನ್ ಅಂತ ತಪ್ಪಬಾರದು. ಕ್ಲೋಜಪಿನ್‌ನಲ್ಲಿರುವವರಿಗೆ ಜ್ವರ ಬಂದರೆ ಅದೇ ದಿನ ವೈದ್ಯರಿಗೆ ತಿಳಿಸಿ. ಲಿಥಿಯಂನಲ್ಲಿರುವವರು ಜ್ವರಕ್ಕೆ ಅಂತ ಐಬುಪ್ರೊಫೆನ್ ತಾವಾಗಿಯೇ ತಿನ್ನಬಾರದು, ರಕ್ತದಲ್ಲಿ ಲಿಥಿಯಂ ಏರುತ್ತದೆ.

ಸೋಂಕು ವಾಸಿಯಾಗಿ ತಿಂಗಳುಗಳಾದರೂ ಸುಸ್ತು, ಮರೆವು, ತಲೆ ಮಂಜು ಹಿಡಿದ ಹಾಗೆ ಇರುವುದು ನಿಲ್ಲದಿದ್ದರೆ ‘ಎಲ್ಲಾ ಮನಸ್ಸಿನದ್ದು’ ಅನ್ನುವವರ ಮಾತಿಗೆ ಸುಮ್ಮನಾಗಬೇಡಿ. ಕೋವಿಡ್ ನಂತರ ಹೀಗಾಗುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಕಾಯಿಲೆಯ ಸ್ಥಿತಿ ಎಂದು ವಿವರಿಸಿದೆ. ದೇಹ, ಮನಸ್ಸು ಎರಡನ್ನೂ ಪರೀಕ್ಷೆ ಮಾಡಿಸಿಕೊಳ್ಳಿ.

ಸಾಯುವ ಯೋಚನೆ ಬರುತ್ತಿದ್ದರೆ ಈಗಲೇ ಯಾರಿಗಾದರೂ ಹೇಳಿ. ಮೇಲೆ ಹೇಳಿದ ಇಬ್ಬರಲ್ಲಿ ಒಬ್ಬರು, ಸಹಾಯವಾಣಿ, ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗ. ಸೋಂಕಿನ ಭಯಕ್ಕೆ ಆಸ್ಪತ್ರೆ ಬೇಡ ಅಂತ ತಡಮಾಡಬೇಡಿ. ನಿಮ್ಮ ಪಕ್ಕದವರ ಬಗ್ಗೆ ಅನುಮಾನ ಇದ್ದರೆ ಸುತ್ತುಬಳಸದೆ ‘ಸಾಯಬೇಕು ಅನ್ನಿಸ್ತಿದೆಯಾ?’ ಅಂತ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆ ಅನ್ನುವುದು ತಪ್ಪು ನಂಬಿಕೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿರುವ ಕೀಟನಾಶಕ, ಮಾತ್ರೆಗಳಂಥವನ್ನು ದೂರ ಮಾಡಿ, ಜೊತೆಗೆ ಹೋಗಿ ತೋರಿಸಿ.

ಹಂತ 10: ಮತ್ತೆ ಹೊರಗೆ

ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತು ಅಂತ 2023ರ ಮೇ 5ರಂದು ಘೋಷಣೆಯಾಯಿತು. ಆದರೆ ಘೋಷಣೆ ಓದಿ ಹೇಳಿದ ಮಾತ್ರಕ್ಕೆ ಮನಸ್ಸು ಕೇಳುವುದಿಲ್ಲ. ಜನರಿರುವ ಕಡೆ ಹೋಗಲು ಈಗಲೂ ಭಯ ಅನ್ನುವವರು ಧೈರ್ಯ ಬರಲಿ ಅಂತ ಕಾಯುತ್ತಾರೆ. ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ, ಒಮ್ಮೆಲೇ ಜಾತ್ರೆಗೆ ಹಾರಿದರೂ ಹೆದರಿ ಓಡಿ ಬರುತ್ತೀರಿ.

ಒಂದು ಏಣಿ ಬರೆದುಕೊಳ್ಳಿ, ಕೆಳಗಿನ ಮೆಟ್ಟಿಲಲ್ಲಿ ಅತಿ ಕಡಿಮೆ ಭಯದ್ದು, ಮೇಲೆ ಅತಿ ಹೆಚ್ಚು ಭಯದ್ದು. ಬೆಳಗ್ಗೆ ಖಾಲಿ ರಸ್ತೆಯಲ್ಲಿ ಹತ್ತು ನಿಮಿಷ. ಪರಿಚಯದವರ ಜೊತೆ ಬಯಲಿನಲ್ಲಿ ಮಾತು. ಜನ ಕಡಿಮೆ ಇರುವ ಹೊತ್ತಿನಲ್ಲಿ ಅಂಗಡಿ. ಬಸ್ಸಿನಲ್ಲಿ ಎರಡು ಸ್ಟಾಪು. ಮದುವೆ ಮನೆ. ಒಂದೊಂದಕ್ಕೂ ಭಯ ಎಷ್ಟು ಅಂತ ಹತ್ತಕ್ಕೆ ಅಂಕ ಹಾಕಿ. ಕೆಳಗಿನಿಂದ ಶುರು ಮಾಡಿ, ಅಲ್ಲಿ ಭಯ ಅರ್ಧಕ್ಕೆ ಇಳಿಯುವವರೆಗೂ ನಿಲ್ಲಿ, ಅದನ್ನೇ ಬೇರೆ ಬೇರೆ ದಿನ ಮಾಡಿ, ಅಂಕ ಮೂರಕ್ಕಿಂತ ಕೆಳಗೆ ಬಂದ ಮೇಲೆ ಮುಂದಿನ ಮೆಟ್ಟಿಲು. ಮಾಸ್ಕ್ ಹಾಕಿಕೊಂಡು ಹತ್ತಿದರೆ ಅಡ್ಡಿಯಿಲ್ಲ, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಹಾಕಿಕೊಳ್ಳಲೇಬೇಕಾಗಬಹುದು, ಅದನ್ನು ನಿಮ್ಮ ವೈದ್ಯರನ್ನೇ ಕೇಳಿ. ಒಂದು ಮೆಟ್ಟಿಲಲ್ಲಿ ಗಾಬರಿಯಾಗಿ ವಾಪಸ್ ಬಂದರೆ ಅದಕ್ಕಿಂತ ಕೆಳಗಿನದನ್ನು ಎರಡು ಮೂರು ದಿನ ಮತ್ತೆ ಮಾಡಿ, ಆಮೇಲೆ ಅದೇ ಮೆಟ್ಟಿಲಿಗೆ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.